ಬೆರಳೊತ್ತುವ ಹೊತ್ತು

ಜಾಬ್ರಿಯಾದ ಈ ಮನೆಯಲ್ಲಿ ಮೂರು ವಾರದಿಂದ ಒಂದೇ ಮಾತು:
ಸರ್ಕಾರಿ ನೌಕರರು ಕಚೇರಿಗೆ ಮರಳಬೇಕೋ, ಬೇಡವೋ.
ದಿವಾನಿಯಾದ ಬಾಗಿಲಾಚೆ ಗಂಡಸರು
ಏಲಕ್ಕಿ ಕಾವಾ ಹೀರುತ್ತ ಸುತ್ತೋಲೆ ಓದುತ್ತಾರೆ.
ನಾನು ಫಿಂಜಾನು ತೊಳೆದು ತೊಳೆದು ಕಳಿಸುತ್ತೇನೆ.
ಡ್ರೈವರು ಮೊಫಿಜುಲ್ ತಟ್ಟೆ ಹೊತ್ತೊಯ್ಯುತ್ತಾನೆ,
ವಾಪಸು ಬರುವಾಗ ಎಂಜಲು ಲೋಟದ ಜತೆ
ಒಂದೊಂದು ವಾದವನ್ನೂ ತರುತ್ತಾನೆ:

ಮುದುಕ ಅಂದನಂತೆ, ಮನೆಯಲ್ಲಿ ಕೂತವನ ಫೈಲಿಗೆ ಕಾಲಿಲ್ಲ.
ಅಳಿಯ ಅಂದನಂತೆ, ಕಚೇರಿಯಲ್ಲಿ ಕೂತಾಗ ಯಾವತ್ತಿತ್ತು ಮಾವ?
ನಗು. ಮತ್ತೆ ಕಾವಾ.

ಬದ್ರಿಯಾ ಮೇಡಮ್ಮು ಯಾವ ಇಲಾಖೆಯವರೋ
ಇವತ್ತಿಗೂ ನನಗೆ ಗೊತ್ತಿಲ್ಲ. ನೀರಿನದೋ, ಕರೆಂಟಿನದೋ.
ಲ್ಯಾಪ್‌ಟಾಪಿನ ತುಂಬ ಚೌಕ ಚೌಕ,
ಬಲದಿಂದ ಎಡಕ್ಕೆ ಓಡುವ ಅಕ್ಷರ.
ಮೇಲೆ ಇಸ್ತ್ರಿ ಕೋಟು, ಹಿಜಾಬು, ತುಟಿಗೆ ಬಣ್ಣ;
ಮೇಜಿನ ಕೆಳಗೆ ಮಾಸಿದ ಪೈಜಾಮ, ಬರಿಗಾಲು,
ಆ ಕಾಲ ಮೇಲೆ ದಾನಾ ಪಾಪುವಿನ ಕುದುರೆಯಾಟ.
ಕ್ಯಾಮೆರಾಕ್ಕೆ ಕಾಣದಷ್ಟು ದೂರದಲ್ಲಿ, ಪರದೆಗೊತ್ತಿಕೊಂಡು, ನಾನು:
ಮಗು ಕಿರುಚಿದರೆ ಎತ್ತಿಕೊಂಡು ಓಡುವುದಕ್ಕೆ.

ಅವರದು ಮನೆಯಿಂದ ಕೆಲಸ.
ನನ್ನದು ಮನೆಕೆಲಸ.
ನಡುವೆ ಇರೋದು ಒಂದು ವಿಭಕ್ತಿ.
ಏಳನೇ ಕ್ಲಾಸಿನಲ್ಲಿ ಬೆತ್ತ ಹಿಡಿದು ಕಲಿಸಿದ ಮೇಷ್ಟ್ರು
ಇದಕ್ಕೆ ಇಷ್ಟೊಂದು ದಿನಾರು ವ್ಯತ್ಯಾಸ ಅಂತ ಹೇಳಲಿಲ್ಲ.

ಹೋಗಲ್ಲ ಅಂತ ಮೇಡಮ್ಮು, ಹೋಗಲೇಬೇಕು ಅಂತ ಅತ್ತೆ,
ಗಂಡ ಫವಾಜು ಟೀವಿ ಸದ್ದು ಜಾಸ್ತಿ ಮಾಡುತ್ತಾನೆ.
ಐದನೇ ರಿಂಗ್ ರೋಡಿನ ಟ್ರಾಫಿಕ್ಕು ತೂಗಿದರು,
ಮಗುವಿಗೆ ಹಾಲು ಬಿಡಿಸೋದು ತೂಗಿದರು,
ಎದುರಿಗೆ ಕಂಡವರಿಗೇ ಬಡ್ತಿ ಅನ್ನೋದನ್ನೂ.
ನನ್ನನ್ನು ಯಾರೂ ತಕ್ಕಡಿಗೆ ಹಾಕಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ: ಹೋಗಿ ತಾಯಿ.
ನೀವು ಹೋದರೆ ಎರಡು ಗಂಟೆಯವರೆಗೆ
ಅತ್ತೆ ಮಹಡಿ ಮೇಲೆ, ಕೆಳಗೆ ನಾನು, ಪಾಪು.
ಸೋಫಾದ ಅಂಚಿನಲ್ಲಿ ಐದು ನಿಮಿಷ ಕೂರಬಹುದು.
ಶಿಡ್ಲಘಟ್ಟಕ್ಕೆ ಫೋನು ಹಚ್ಚಿ, ಸ್ಪೀಕರ್ ಹಾಕಿ
ಚೀಟಿ ದುಡ್ಡಿನ ವಿಷಯಕ್ಕೆ ತಂಗಿಯ ಹತ್ತಿರ
ಗಟ್ಟಿಯಾಗಿ ಜಗಳ ಆಡಬಹುದು.

ನಾನು ರೇಷ್ಮೆ ಬಿಚ್ಚಿದವಳು, ಹನ್ನೊಂದು ವರ್ಷ.
ಕುದಿಯೋ ನೀರಿನಲ್ಲಿ ಗೂಡು ತಿರುವಿ ತಿರುವಿ
ಎಳೆಯ ತುದಿ ಹಿಡಿದವಳು.
ಮನೆಯಿಂದ ಆಚೆ ಬರದೆ ಕೆಲಸ ಮುಗಿಸಿದ ಹುಳಕ್ಕೆ
ಕೊನೆಗೆ ಏನು ಸಿಗುತ್ತೆ ಅನ್ನೋದು
ದಿವಾನಿಯಾದಲ್ಲಿ ಯಾರಿಗೂ ಗೊತ್ತಿಲ್ಲ.
ಹೇಳೋಣವೆಂದರೆ ನನ್ನ ಅರಬ್ಬಿ
ಬಟ್ಟೆ, ಪಾತ್ರೆ, ಮಗು, ಬೇಗ,
ಇಷ್ಟಕ್ಕೇ ಮುಗಿಯುತ್ತೆ.

ಆ ಬಿಸಿನೀರಲ್ಲೇ ನನ್ನ ಬೆರಳ ಗೆರೆಗಳೂ ಬಿಚ್ಚಿಹೋದವು.
ಇಲ್ಲಿಗೆ ಬಂದಾಗ ಗುರುತಿನ ಚೀಟಿಯ ಯಂತ್ರ
ಮೂರು ಸಲ ನನ್ನನ್ನು ಇಲ್ಲ ಅಂತು.
ಕ್ರೀಮು ಹಚ್ಚಿಕೊಂಡು ಬಾ ಅಂದ ಕೌಂಟರಿನ ಹುಡುಗ.
ನಾಲ್ಕನೇ ಸಲ ಯಾಕೋ ಒಪ್ಪಿತು.

ಕೊನೆಗೆ ಆದೇಶ ಬಂತು: ಭಾನುವಾರದಿಂದ ಎಲ್ಲರೂ ಹಾಜರು,
ಏಳೂವರೆಗೆ ಬೆರಳೊತ್ತಬೇಕು.
ಶನಿವಾರ ರಾತ್ರಿ ಮೇಡಮ್ಮು ಅತ್ತರು.
ನಾನು ಕೋಟಿಗೆ ಇಸ್ತ್ರಿ ಹಾಕಿದೆ, ಈ ಸಲ ಪ್ಯಾಂಟಿಗೂ.
ಆಮೇಲೆ ಫವಾಜು ಒಂದು ಪೆಟ್ಟಿಗೆ ಒಡೆದ.
ಕೋಳಿಮೊಟ್ಟೆಯಷ್ಟು ಬಿಳಿ ಕ್ಯಾಮೆರಾ, ಹಾಲಿನ ಮೂಲೆಗೆ ಒಂದು,
ಅಡುಗೆಮನೆಗೆ ಒಂದು.
ಪಾಪುವಿಗೋಸ್ಕರ, ಅಂದರು ಮೇಡಮ್ಮು, ನೆಲ ನೋಡುತ್ತ.

ಭಾನುವಾರ, ಎಂಟು ಗಂಟೆ.
ಗೋಡೆ ಮಾತಾಡಿತು: ರತ್ನಾ, ದಾನಾ ತಿಂದಳಾ?
ಅವರು ಕಚೇರಿಯಿಂದ ಮನೆಕೆಲಸ ಶುರುಮಾಡಿದ್ದರು.
ತಿಂದಳು ಅಂದೆ, ಮೊಟ್ಟೆಯ ಕಡೆ ಮುಖ ಎತ್ತಿ.
ಗಾಜಿನ ಮೇಜಿನ ಮೇಲೆ ನಿನ್ನೆಯ ಬೆರಳಚ್ಚುಗಳು,
ಅವರದೊಂದು ಸಾಲು, ಪಾಪುವಿನದು ಅಲ್ಲಲ್ಲಿ.
ಎಲ್ಲ ಒರೆಸಿದೆ.

ಹತ್ತಕ್ಕೆ ಬಾಣಲಿ ಇಟ್ಟೆ.
ಎಣ್ಣೆ, ಸಾಸಿವೆ, ಚಟಪಟ, ಒಣಮೆಣಸಿನಕಾಯಿ, ಎರಡೆಸಳು ಕರಿಬೇವು.
ಕ್ಯಾಮೆರಾಕ್ಕೆ ಮೂಗಿಲ್ಲ.